ಹಿತ್ತಲ ಬಾಗಿಲಿನ ಅಗುಳಿ: ಫೋನಿನ ಅನುಮತಿಗಳ ಒಂದು ಚರಿತ್ರೆ

ಗಚ್ಚಿಬೌಲಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗಾಜಿನ ಕಟ್ಟಡಗಳು, ಫ್ಲೈಓವರ್, ಸಂಜೆ ಆರರ ಟ್ರಾಫಿಕ್. ಸೈಬರಾಬಾದ್ ಪೊಲೀಸ್ ಕಮಿಷನರೇಟ್ ಇರುವುದೂ ಇಲ್ಲೇ. 2020ರ ಡಿಸೆಂಬರ್‌ನಲ್ಲಿ, ಕೋವಿಡ್‌ನ ಮೊದಲ ಅಲೆ ಇಳಿಯುತ್ತಿದ್ದ ಹೊತ್ತಿನಲ್ಲಿ, ಸೈಬರಾಬಾದ್ ಮತ್ತು ಹೈದರಾಬಾದ್ ಪೊಲೀಸರ ಮುಂದೆ ಒಂದೇ ಬಗೆಯ ದೂರುಗಳು ಸಾಲುಗಟ್ಟಿದವು. ಕೆಲಸ ಹೋದವರು, ಸಂಬಳ ಅರ್ಧವಾದವರು, ಫೋನಿನಲ್ಲೇ ಸಾಲ ಕೊಡುವ ಆ್ಯಪ್‌ಗಳಿಂದ ಕೆಲವು ಸಾವಿರ ರೂಪಾಯಿ ತೆಗೆದುಕೊಂಡಿದ್ದರು. ಸಂಸ್ಕರಣಾ ಶುಲ್ಕವೆಂದು ಮೊದಲೇ ಒಂದು ಪಾಲು ಮುರಿದುಕೊಂಡು ಉಳಿದದ್ದನ್ನು ಕೊಡುವುದು, ಏಳು ದಿನಕ್ಕೆ ಪೂರ್ತಿ ವಾಪಸ್ ಕೇಳುವುದು ಈ ಆ್ಯಪ್‌ಗಳ ಪದ್ಧತಿ. ಎಂಟನೇ ದಿನ ಫೋನ್ ಬರುತ್ತಿದ್ದದ್ದು ಸಾಲಗಾರರಿಗೆ ಮಾತ್ರ ಅಲ್ಲ. ಅತ್ತಿಗೆಗೆ, ಮಗಳ ಟೀಚರಿಗೆ, ಆಫೀಸಿನ ಮ್ಯಾನೇಜರಿಗೆ, ಹಾಲಿನವನಿಗೆ. "ನಿಮ್ಮವರು ಮೋಸಗಾರರು" ಎಂದು ಫೋಟೋ ಸಮೇತ ವಾಟ್ಸ್‌ಆ್ಯಪ್ ಸಂದೇಶ. ಹೆಂಗಸರಾದರೆ ತಿರುಚಿದ ಚಿತ್ರಗಳು. ಆ ತಿಂಗಳು ತೆಲಂಗಾಣದಲ್ಲಿ ಈ ಕಿರುಕುಳ ತಾಳಲಾರದೆ ಜೀವ ಕಳೆದುಕೊಂಡವರಿದ್ದಾರೆ. ಅವರಲ್ಲಿ ಓದಿ ನೌಕರಿಯಲ್ಲಿದ್ದವರೂ ಇದ್ದರು. ಪೊಲೀಸರು ಹೈದರಾಬಾದ್ ಮತ್ತು ಗುರುಗ್ರಾಮದ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದರು. ಅಲ್ಲಿ ಕೂತು ಬೈಯುತ್ತಿದ್ದವರು ಸಂಬಳಕ್ಕೆ ಸೇರಿದ್ದ ಹುಡುಗ ಹುಡುಗಿಯರು.

ಅತ್ತಿಗೆಯ ನಂಬರು ಆ ಕಾಲ್ ಸೆಂಟರಿಗೆ ಸಿಕ್ಕಿದ್ದು ಹೇಗೆ? ಯಾರೂ ಫೋನ್ ಹ್ಯಾಕ್ ಮಾಡಿರಲಿಲ್ಲ. ಆ್ಯಪ್ ಹಾಕಿಕೊಂಡಾಗ ಅದು ಕಾಂಟ್ಯಾಕ್ಟ್ಸ್ ಕೇಳಿತ್ತು, ಇವರು 'ಅಲೌ' ಒತ್ತಿದ್ದರು. ಅಷ್ಟೇ. ಈ ಒಂದು ಗುಂಡಿಯ ಹಿಂದೆ ಹದಿನೈದು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದನ್ನು ಯಾರೂ ನಮಗೆ ಕೂರಿಸಿ ಹೇಳಿಲ್ಲ. ನಾನು ಓದಿದ್ದು, ಕೆಲಸ ಮಾಡುತ್ತಿರುವುದು ಇದೇ ಕ್ಷೇತ್ರದಲ್ಲಿ. ಹಾಗಾಗಿ ಈ ಸಂಚಿಕೆಗೆ ಅದನ್ನೇ ಬರೆಯೋಣ ಅನ್ನಿಸಿತು.

ಕತೆ ಶುರುವಾಗುವುದು 2008ರ ಸೆಪ್ಟೆಂಬರ್‌ನಲ್ಲಿ. ಎಚ್‌ಟಿಸಿ ಕಂಪನಿ ತಯಾರಿಸಿದ ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದಲ್ಲಿ ಪ್ರಕಟವಾಯಿತು. ಮರುವರ್ಷ ಎಚ್‌ಟಿಸಿ ಮ್ಯಾಜಿಕ್ ಎಂಬ ಮಾದರಿ ಭಾರತಕ್ಕೂ ಬಂತು. ಆಂಡ್ರಾಯ್ಡ್ ಕಟ್ಟಿದವರು ಲಿನಕ್ಸ್‌ನ ಒಂದು ಹಳೆಯ ಗುಣವನ್ನು ಜಾಣತನದಿಂದ ಬಳಸಿಕೊಂಡಿದ್ದರು. ಲಿನಕ್ಸ್ ಹುಟ್ಟಿದ್ದು ಒಂದೇ ಕಂಪ್ಯೂಟರನ್ನು ಹಲವು ಜನ ಹಂಚಿಕೊಳ್ಳುವ ಪದ್ಧತಿಯೊಳಗೆ. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಂತೆ ಪ್ರತಿ ಬಳಕೆದಾರರಿಗೂ ಒಂದೊಂದು ಗುರುತಿನ ಸಂಖ್ಯೆ. ಆಂಡ್ರಾಯ್ಡ್‌ನಲ್ಲಿ ಆ ಸಂಖ್ಯೆ ಮನುಷ್ಯರಿಗಲ್ಲದೆ ಆ್ಯಪ್‌ಗಳಿಗೆ ಹೋಯಿತು. ನಮ್ಮ ಅಪಾರ್ಟ್‌ಮೆಂಟಿನ ಹಾಗೆ: ಕಟ್ಟಡ ಒಂದೇ, ಫ್ಲ್ಯಾಟುಗಳು ಬೇರೆ ಬೇರೆ, ಒಬ್ಬರ ಅಡುಗೆಮನೆ ಇನ್ನೊಬ್ಬರಿಗೆ ಕಾಣದು. ಕ್ಯಾಮೆರಾ, ಮೈಕ್, ಎಸ್‌ಎಂಎಸ್, ಕಾಂಟ್ಯಾಕ್ಟ್ಸ್ ಇವೆಲ್ಲ ಕಟ್ಟಡದ ಸಾಮಾನ್ಯ ಸ್ವತ್ತು. ಅವು ಬೇಕೆಂದರೆ ಆ್ಯಪ್ ಅನುಮತಿ ಪಡೆಯಬೇಕು.

ವಿನ್ಯಾಸ ಚೆನ್ನಾಗಿತ್ತು. ಕೇಳುವ ರೀತಿ ಚೆನ್ನಾಗಿರಲಿಲ್ಲ. ಆ್ಯಪ್ ಹಾಕಿಕೊಳ್ಳುವ ಮೊದಲು ಒಂದು ಉದ್ದ ಪಟ್ಟಿ ತೋರಿಸುತ್ತಿದ್ದರು. ಒಪ್ಪಿದರೆ ಎಲ್ಲಕ್ಕೂ ಒಪ್ಪಿದಂತೆ, ಇಲ್ಲವೆಂದರೆ ಆ್ಯಪ್ಪೇ ಇಲ್ಲ. ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಎನ್ನುವ ದಾರಿಯೇ ಇರಲಿಲ್ಲ. ಹೆಣ್ಣುಮಕ್ಕಳಿಗೆ ಅನುಮತಿ ಕೇಳಿ ಅಭ್ಯಾಸವೇ ಹೊರತು ಕೊಟ್ಟು ಅಭ್ಯಾಸವಿಲ್ಲ ಎಂದು ನಮ್ಮ ಸಂಘದ ಹಿರಿಯರೊಬ್ಬರು ನಗುತ್ತಾರೆ. ಆದರೆ ಆ ಪರದೆಯ ಮುಂದೆ ಗಂಡಸರೂ ಹೆಂಗಸರೂ ಸಮಾನರಾಗಿದ್ದರು. ಯಾರೂ ಓದುತ್ತಿರಲಿಲ್ಲ. ಇದು ನನ್ನ ಊಹೆಯಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಆ್ಯಡ್ರಿಯನ್ ಪೋರ್ಟರ್ ಫೆಲ್ಟ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಇದನ್ನೇ ಅಳೆದು ನೋಡಿದರು. ಆ್ಯಪ್ ಹಾಕಿಕೊಳ್ಳುವಾಗ ಅನುಮತಿಗಳ ಕಡೆ ಗಮನ ಕೊಟ್ಟವರು ಶೇ. 17 ಮಂದಿ. ಅವುಗಳ ಅರ್ಥದ ಬಗ್ಗೆ ಕೇಳಿದ ಮೂರು ಪ್ರಶ್ನೆಗಳಿಗೂ ಸರಿಯುತ್ತರ ಕೊಟ್ಟವರು ಶೇ. 3. ಅಲ್ಲಿಗೆ ತಪ್ಪು ಬಳಸುವವರದೋ ಪರದೆ ಮಾಡಿದವರದೋ ಎಂಬ ಚರ್ಚೆ ಮುಗಿಯಬೇಕಿತ್ತು. ಮುಗಿಯಲು ಇನ್ನೂ ಮೂರು ವರ್ಷ ಬೇಕಾಯಿತು.

ಆ್ಯಪ್ ಫೋನಿಗೆ ಬರಲು ಎರಡು ಬಾಗಿಲು. ತಲೆಬಾಗಿಲು ಎಂದರೆ ಪ್ಲೇ ಸ್ಟೋರ್, ಅದರ ಹಳೆಯ ಹೆಸರು ಆಂಡ್ರಾಯ್ಡ್ ಮಾರ್ಕೆಟ್. ಇನ್ನೊಂದು ಹಿತ್ತಲ ಬಾಗಿಲು. ಎಪಿಕೆ ಎಂಬ ಕಡತವನ್ನು ಎಲ್ಲಿಂದಲಾದರೂ ತಂದು ನೇರವಾಗಿ ಹಾಕಿಕೊಳ್ಳುವುದು. ಇದಕ್ಕೆ ಸೈಡ್‌ಲೋಡಿಂಗ್ ಎಂದು ಹೆಸರು. ಆ ಬಾಗಿಲಿಗೆ ಇದ್ದದ್ದು ಒಂದೇ ಅಗುಳಿ: ಸೆಟ್ಟಿಂಗ್ಸ್‌ನಲ್ಲಿ 'ಅನ್‌ನೋನ್ ಸೋರ್ಸಸ್' ಎಂಬ ಸ್ವಿಚ್ಚು. ಒಮ್ಮೆ ತೆಗೆದರೆ ಯಾರು ಬೇಕಾದರೂ, ಯಾವಾಗ ಬೇಕಾದರೂ ಬರಬಹುದು. ತೆಗೆದವರು ಮತ್ತೆ ಹಾಕಿದ್ದು ಅಪರೂಪ.

ಹಿತ್ತಲ ಬಾಗಿಲು ಎಂದರೆ ಕಳ್ಳರದೇ ದಾರಿ ಅಂದುಕೊಳ್ಳಬಾರದು. ಊರಲ್ಲಿ ಮಜ್ಜಿಗೆ ಕೇಳಿಕೊಂಡು ಪಕ್ಕದ ಮನೆಯವರು ಬರುವುದೂ ಹಿತ್ತಲಿಂದಲೇ. ಫೋನಿನಲ್ಲಿ ಕನ್ನಡ ಓದುವ ಆಸೆ ಇದ್ದವರೂ ಸ್ವಲ್ಪ ಕಾಲ ಹೀಗೇ ಸುತ್ತುದಾರಿಗಳಲ್ಲಿ ಓಡಾಡಿದರು. ಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಎಂದರೆ ಚೌಕ ಡಬ್ಬಿಗಳ ಸಾಲು. ಆಂಡ್ರಾಯ್ಡ್ ತಾನೇ ಕನ್ನಡ, ತೆಲುಗು, ಮಲಯಾಳಂ ಲಿಪಿಗಳನ್ನು ಸೇರಿಸಿಕೊಂಡಿದ್ದು 2012ರ 4.1ನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಒಪೆರಾ ಮಿನಿ ಬ್ರೌಸರಿನ ಒಳಗೆ ಅಡಗಿದ್ದ ಒಂದು ಸೆಟ್ಟಿಂಗ್ ಹುಡುಕಿ ಅಕ್ಷರಗಳನ್ನು ಚಿತ್ರಗಳಾಗಿ ತರಿಸಿಕೊಳ್ಳುತ್ತಿದ್ದರು. ಇನ್ನೂ ಧೈರ್ಯವಂತರು ಫೋನನ್ನು 'ರೂಟ್' ಮಾಡಿ ಕನ್ನಡ ಫಾಂಟು ಒಳಗೆ ತೂರಿಸುತ್ತಿದ್ದರು. ರೂಟ್ ಮಾಡುವುದು ಎಂದರೆ ಮೇಲೆ ಹೇಳಿದ ಫ್ಲ್ಯಾಟುಗಳ ಗೋಡೆಗಳಿಗೆಲ್ಲ ಮಾಸ್ಟರ್ ಕೀ ಮಾಡಿಸಿದಂತೆ. ಕನ್ನಡ ಓದುವುದಕ್ಕೆ ಇಷ್ಟು ಬೆಲೆ ತೆರಬೇಕಾದ ಕಾಲವೊಂದಿತ್ತು ಎಂಬುದನ್ನು ಇವತ್ತು ವಾಟ್ಸ್‌ಆ್ಯಪ್‌ನಲ್ಲಿ ಸಲೀಸಾಗಿ ಕನ್ನಡ ಕುಟ್ಟುವ ನಾವು ಮರೆತೇಬಿಟ್ಟಿದ್ದೇವೆ.

ಅದರ ಜೊತೆಗೆ ರೀಚಾರ್ಜ್ ಅಂಗಡಿಯ ಸಂಸ್ಕೃತಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗುವ ತನಕ 30 ಎಂಬಿ ಆ್ಯಪ್ ಡೌನ್‌ಲೋಡ್ ಮಾಡುವುದು ಎಂದರೆ ಖರ್ಚಿನ ಮಾತು. ಶೇರ್‌ಇಟ್, ಜೆಂಡರ್ ಇದ್ದ ಫೋನಿನಿಂದ ಪಕ್ಕದ ಫೋನಿಗೆ ಆ್ಯಪ್ ದಾಟಿಸುವುದು ಕೈಸಾಲ ಕೊಟ್ಟಷ್ಟೇ ಸಹಜವಾಗಿತ್ತು. ಪ್ರತಿಯೊಂದೂ ಸೈಡ್‌ಲೋಡೇ. ಹಾಗೆ ದಾಟಿಸಿಕೊಂಡವರಿಗೆ ಆ ಹೆಸರು ಗೊತ್ತಿರಲಿಲ್ಲ, ಅಷ್ಟೇ. 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್ ಜೊತೆಗೆ ಈ ಎರಡೂ ಇದ್ದವು. ಟಿಕ್‌ಟಾಕ್ ಹೋದದ್ದಕ್ಕೆ ಎಷ್ಟೊಂದು ಗಲಾಟೆಯಾಯಿತು. ಇವು ಹೋದದ್ದನ್ನು ಕೇಳಿದವರಿಲ್ಲ.

ಪಟ್ಟಿ ಓದಿ ಒಪ್ಪುವ ಪದ್ಧತಿಗೆ ಪೆಟ್ಟು ಬಿದ್ದದ್ದು ಒಂದು ಟಾರ್ಚ್ ಆ್ಯಪ್‌ನಿಂದ. ದೀಪ ಹೊತ್ತಿಸುವುದಷ್ಟೇ ಕೆಲಸವಾಗಿದ್ದ 'ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್' ಎಂಬ ಆ್ಯಪ್ ಬಳಕೆದಾರರು ಎಲ್ಲೆಲ್ಲಿದ್ದಾರೆಂಬ ಮಾಹಿತಿಯನ್ನು ಜಾಹೀರಾತು ಕಂಪನಿಗಳಿಗೆ ದಾಟಿಸುತ್ತಿತ್ತು. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಟಿಸಿ ಅದರ ಮೇಲೆ ಕ್ರಮ ಕೈಗೊಂಡಿತು. ಅದೇ ವರ್ಷ ಇನ್ನೊಂದು ವಿಚಿತ್ರ ನಡೆದಿತ್ತು. ಆಂಡ್ರಾಯ್ಡ್ 4.3ರೊಳಗೆ 'ಆ್ಯಪ್ ಆಪ್ಸ್' ಎಂಬ ಗುಪ್ತ ಪರದೆಯೊಂದು ಯಾರಿಗೋ ಸಿಕ್ಕಿತು. ಅಲ್ಲಿ ಪ್ರತಿ ಅನುಮತಿಯನ್ನೂ ಬೇರೆ ಬೇರೆಯಾಗಿ ತೆಗೆಯಬಹುದಿತ್ತು. ಜನ ಖುಷಿಪಡುವಷ್ಟರಲ್ಲಿ, ಡಿಸೆಂಬರ್‌ನ 4.4.2 ಆವೃತ್ತಿಯಲ್ಲಿ ಗೂಗಲ್ ಅದನ್ನು ಕಿತ್ತುಹಾಕಿತು. ಪ್ರಯೋಗಕ್ಕೆಂದು ಇಟ್ಟದ್ದು ತಪ್ಪಿ ಹೊರಬಂದಿತ್ತಂತೆ. ಕೀಲಿ ಮಾಡಲು ಬರುತ್ತಿತ್ತು, ಕೊಡಲು ಮನಸ್ಸಿರಲಿಲ್ಲ ಎಂದು ನನಗನ್ನಿಸುತ್ತದೆ.

2015ರ ಆಂಡ್ರಾಯ್ಡ್ 6ರಲ್ಲಿ ಕೊನೆಗೂ ಕೀಲಿ ನಮ್ಮ ಕೈಗೆ ಬಂತು. ಆ್ಯಪ್‌ಗೆ ಕ್ಯಾಮೆರಾ ಬೇಕಾದಾಗ ಆಗಲೇ ಕೇಳಬೇಕು, ನಾವು ಬೇಡವೆನ್ನಬಹುದು, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದು. ಆದರೆ ಒಂದು ಕಂಡಿ ಉಳಿಯಿತು. ಹಳೆಯ ಆ್ಯಪ್‌ಗಳು ಕೆಟ್ಟು ಕೂರಬಾರದೆಂದು, 'ನಾನು ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಕಾಲದ್ದು' ಎಂದು ಹೇಳಿಕೊಂಡ ಆ್ಯಪ್‌ಗೆ ಹಳೆಯ ನಿಯಮವನ್ನೇ ಬಿಟ್ಟಿದ್ದರು. ಒಂದೇ ಬಾರಿ ಎಲ್ಲ ಅನುಮತಿ. ಪ್ಲೇ ಸ್ಟೋರ್ ಮುಂದೆ ಇಂಥ ಹಳೆಯ ಗುರುತಿನ ಆ್ಯಪ್‌ಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಹಿತ್ತಲಿಂದ ಬರುವ ಎಪಿಕೆಗೆ ಆ ತಡೆ ಇರಲಿಲ್ಲ. ಕಿಡಿಗೇಡಿಗಳು ಹೊಸ ಆ್ಯಪ್‌ಗೆ ಬೇಕೆಂದೇ ಹಳೆಯ ವಯಸ್ಸು ಬರೆದರು. ಈ ಕಂಡಿ ಮುಚ್ಚಿದ್ದು 2023ರ ಆಂಡ್ರಾಯ್ಡ್ 14ರಲ್ಲಿ. ಎಂಟು ವರ್ಷ ಬೇಕಾಯಿತು.

ನಡುವೆ 2017ರ ಆಗಸ್ಟ್. ಆ ತಿಂಗಳ ಒಂದೇ ವಾರದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ನಡೆದವು. 21ರಂದು ಆಂಡ್ರಾಯ್ಡ್ 8 ಬಿಡುಗಡೆಯಾಗಿ 'ಅನ್‌ನೋನ್ ಸೋರ್ಸಸ್' ಎಂಬ ಒಂದೇ ಅಗುಳಿ ಮಾಯವಾಯಿತು. ಅದರ ಬದಲು ಯಾವ ಆ್ಯಪ್ ಮೂಲಕ ಹೊರಗಿನ ಎಪಿಕೆ ಬರಬಹುದು ಎಂದು ಒಂದೊಂದಕ್ಕೂ ಬೇರೆ ಅನುಮತಿ ಬಂತು. ಕ್ರೋಮ್‌ಗೆ ಕೊಟ್ಟರೆ ಅದು ವಾಟ್ಸ್‌ಆ್ಯಪ್‌ಗೆ ಕೊಟ್ಟಂತಲ್ಲ. ಮೂರು ದಿನ ಬಿಟ್ಟು, 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಅವರು ಅರ್ಜಿ ಹಾಕಿದಾಗ ಎಂಬತ್ತು ದಾಟಿತ್ತು. ಇಡೀ ದೇಶದ ಕಾನೂನು ವಿದ್ಯಾರ್ಥಿಗಳು ಇವತ್ತು 'ಪುಟ್ಟಸ್ವಾಮಿ ತೀರ್ಪು' ಎಂದೇ ಓದುತ್ತಾರೆ. ಹೈದರಾಬಾದ್‌ನಲ್ಲಿ ಕೂತು ಆ ಹೆಸರು ಕೇಳಿದಾಗ ನನಗಂತೂ ಸ್ವಲ್ಪ ಜಂಬವೇ.

ಹಕ್ಕು ಸಿಕ್ಕಿತು, ಕೀಲಿಯೂ ಸಿಕ್ಕಿತು. ಆದರೂ 2020ರ ಡಿಸೆಂಬರ್ ಬಂತು. ಯಾಕೆ?

ಕೀಲಿ ಕೈಯಲ್ಲಿದ್ದರೂ ಸಾಲ ಬೇಕಾದವರಿಗೆ ಬೇಡ ಎನ್ನುವ ಸ್ಥಿತಿ ಇರಲಿಲ್ಲ. ಕಾಂಟ್ಯಾಕ್ಟ್ಸ್ ಕೊಡದಿದ್ದರೆ ಆ್ಯಪ್ ಮುಂದಕ್ಕೆ ಹೋಗುತ್ತಿರಲಿಲ್ಲ. ಮಗುವಿನ ಫೀಸಿನ ಕೊನೆಯ ದಿನ ಅನುಮತಿಯ ಸಾಧಕ ಬಾಧಕ ಯೋಚಿಸುವವರು ಯಾರು? ಇನ್ನೂ ಒಂದು ವಿಷಯವಿದೆ. ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ. ಕ್ಯಾಮೆರಾ ನನ್ನದು, ಲೊಕೇಶನ್ ನನ್ನದು. ಕಾಂಟ್ಯಾಕ್ಟ್ಸ್ ಪಟ್ಟಿ ನನ್ನದಲ್ಲ, ಅದರಲ್ಲಿರುವುದು ಬೇರೆಯವರ ನಂಬರುಗಳು. 'ಅಲೌ' ಒತ್ತಿದಾಗ ಇನ್ನೂರು ಮುನ್ನೂರು ಜನರ ಪರವಾಗಿ, ಅವರನ್ನು ಕೇಳದೆ ಒಪ್ಪಿಗೆ ಕೊಟ್ಟಂತಾಯಿತು. ಆಂಡ್ರಾಯ್ಡ್‌ನ ಪರದೆ ಇದನ್ನು ಎಂದೂ ಹೇಳಲಿಲ್ಲ. ಅದು ಎಲ್ಲವನ್ನೂ ಫೋನು ಹಿಡಿದವರೊಬ್ಬರ ಸ್ವತ್ತು ಎಂದೇ ಎಣಿಸಿತು. ನಂಟರಿಷ್ಟರ ನಡುವೆ ಬದುಕುವ ನಮ್ಮಂಥ ಕಡೆ ಆ ಪಟ್ಟಿಯೇ ಒತ್ತೆ ಎಂಬುದು ಸಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ಚಿನ್ನ ಒತ್ತೆ ಇಡುತ್ತಿದ್ದೆವು. ಇವರು ಅತ್ತಿಗೆಯ ನಂಬರು ಇಡಿಸಿಕೊಂಡರು.

ಆಮೇಲಿನದು ನಿಧಾನವಾಗಿ ಬಂದ ಪರಿಹಾರ. ಗೂಗಲ್ 2021ರ ಜನವರಿಯಲ್ಲಿ ಹಲವು ಸಾಲದ ಆ್ಯಪ್‌ಗಳನ್ನು ತೆಗೆದುಹಾಕಿತು. ಅದೇ ತಿಂಗಳು ರಿಸರ್ವ್ ಬ್ಯಾಂಕ್ ಒಂದು ಕಾರ್ಯತಂಡ ನೇಮಿಸಿತು. ಭಾರತದ ಆಂಡ್ರಾಯ್ಡ್ ಬಳಕೆದಾರರಿಗೆ ಎಂಬತ್ತಕ್ಕೂ ಹೆಚ್ಚು ಆ್ಯಪ್ ಸ್ಟೋರ್‌ಗಳಲ್ಲಿ ಸುಮಾರು 1,100 ಸಾಲದ ಆ್ಯಪ್‌ಗಳು ಸಿಗುತ್ತಿದ್ದು, ಅವುಗಳಲ್ಲಿ ಸುಮಾರು 600 ಅಕ್ರಮ ಎಂದು ಆ ತಂಡ ಕಂಡುಕೊಂಡಿತು. ಎಂಬತ್ತು ಸ್ಟೋರ್ ಎಂಬ ಸಂಖ್ಯೆಯನ್ನು ಗಮನಿಸಿ. ನಮ್ಮಲ್ಲಿ ಹೆಚ್ಚಿನವರಿಗೆ ಒಂದರ ಹೆಸರು ಮಾತ್ರ ಗೊತ್ತು. 2022ರ ಸೆಪ್ಟೆಂಬರ್ 2ರ ಮಾರ್ಗಸೂಚಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿತು: ಸಾಲದ ಆ್ಯಪ್‌ಗಳು ಫೋನಿನ ಕಡತ, ಕಾಂಟ್ಯಾಕ್ಟ್ಸ್, ಕರೆಗಳ ಪಟ್ಟಿ ಮುಟ್ಟಬಾರದು. ಕ್ಯಾಮೆರಾ, ಮೈಕ್, ಲೊಕೇಶನ್ ಕೂಡ ಕೆವೈಸಿಗೆ ಒಂದು ಬಾರಿ, ಒಪ್ಪಿಗೆ ಪಡೆದು ಮಾತ್ರ. ಅದೇ ತಿಂಗಳು ಬೆಂಗಳೂರಿನಲ್ಲಿ ಇ.ಡಿ. ಶೋಧ ನಡೆಸಿತು. ಅದಕ್ಕೆ ಆಧಾರ ಬೆಂಗಳೂರು ಸೈಬರ್ ಕ್ರೈಂ ಠಾಣೆಯ 18 ಎಫ್‌ಐಆರ್‌ಗಳು. ಸಾಲದ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್ಸ್ ಮತ್ತು ಫೋಟೋಗಳನ್ನು ಪ್ಲೇ ಸ್ಟೋರ್ ಪೂರ್ತಿ ನಿಷೇಧಿಸಿದ್ದು 2023ರ ಮೇ 31ರಿಂದ.

ತಲೆಬಾಗಿಲು ಭದ್ರವಾದಂತೆ ಕಳ್ಳರು ಹಿತ್ತಲಿಗೆ ಬಂದರು. ಇದು ಮೊದಲೇ ಎಸ್‌ಎಂಎಸ್ ವಿಷಯದಲ್ಲಿ ಆಗಿತ್ತು. ಎಸ್‌ಎಂಎಸ್ ಮತ್ತು ಕರೆಗಳ ಪಟ್ಟಿ ಓದುವ ಅನುಮತಿಯನ್ನು ಕೆಲವೇ ಬಗೆಯ ಆ್ಯಪ್‌ಗಳಿಗೆ ಸೀಮಿತಗೊಳಿಸುವುದಾಗಿ ಗೂಗಲ್ 2018ರ ಅಕ್ಟೋಬರ್‌ನಲ್ಲಿ ಹೇಳಿ, ಮರುವರ್ಷ ಜಾರಿಗೆ ತಂದಿತು. ಅದು ಸ್ಟೋರಿನ ನಿಯಮವೇ ಹೊರತು ಫೋನಿನದಲ್ಲ. ಹಾಗಾಗಿ ಒಟಿಪಿ ಕದಿಯಬೇಕಾದವರು ಎಪಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲೇ ಕಳಿಸತೊಡಗಿದರು. ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ, ಪಿಎಂ ಕಿಸಾನ್. 2024ರ ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ ಕೂಡ ಎಪಿಕೆಯಾಗಿ ಬಂತು, ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಲಗ್ನಪತ್ರಿಕೆ ಪಿಡಿಎಫ್ ಆಗಿರಬಹುದು, ಚಿತ್ರವಾಗಿರಬಹುದು, ವಿಡಿಯೋ ಆಗಿರಬಹುದು. 'ಇನ್‌ಸ್ಟಾಲ್' ಮಾಡಿಕೊಳ್ಳಬೇಕಾದ ಲಗ್ನಪತ್ರಿಕೆ ಎಂಬುದಿಲ್ಲ.

2022ರ ಆಂಡ್ರಾಯ್ಡ್ 13 ಇದಕ್ಕೊಂದು ತಡೆ ಹಾಕಿತು. ಹಿತ್ತಲಿಂದ ಬಂದ ಆ್ಯಪ್ 'ಆಕ್ಸೆಸಿಬಿಲಿಟಿ' ಕೇಳಿದರೆ ಆ ಸ್ವಿಚ್ಚೇ ಮಸುಕಾಗಿರುತ್ತದೆ. ಆಕ್ಸೆಸಿಬಿಲಿಟಿ ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲೆಂದು ಇರುವ ಸೌಲಭ್ಯ. ಅದೇ ಕಾರಣಕ್ಕೆ ಅದು ಪರದೆಯ ಮೇಲಿನದ್ದನ್ನೆಲ್ಲ ಓದಬಲ್ಲದು, ನಮ್ಮ ಪರವಾಗಿ ಒತ್ತಬಲ್ಲದು. ತಡೆ ದಾಟಲು ಆ್ಯಪ್ ಇನ್ಫೋದ ಮೂರು ಚುಕ್ಕಿ ಒತ್ತಿ 'ಅಲೌ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್' ಆರಿಸಬೇಕು. ಇಷ್ಟು ಆಳಕ್ಕೆ ಯಾರೂ ತಾವಾಗಿ ಹೋಗುವುದಿಲ್ಲ. ಫೋನಿನ ಆ ಕಡೆಯಿಂದ ಒಬ್ಬರು ಬಲು ವಿನಯದಿಂದ "ಮೇಡಂ, ಈಗ ಮೂರು ಚುಕ್ಕಿ ಒತ್ತಿ" ಎಂದು ಹೇಳಿಕೊಡುತ್ತಿದ್ದರೆ ಅಲ್ಲೇ ಕರೆ ಕಡಿದುಬಿಡಬಹುದು. ಹೊರಗಿನ ಆ್ಯಪ್‌ಗಳನ್ನು ಹಾಕುವ ಹೊತ್ತಿಗೇ ತಪಾಸಣೆ ಮಾಡುವ ಹೊಸ ವ್ಯವಸ್ಥೆ 2023ರ ಅಕ್ಟೋಬರ್‌ನಲ್ಲಿ ಮೊದಲು ಬಂದದ್ದು ಭಾರತಕ್ಕೆ. ಬ್ರೌಸರ್, ವಾಟ್ಸ್‌ಆ್ಯಪ್ ಮುಂತಾದ ಕಡೆಯಿಂದ ಬಂದು ಎಸ್‌ಎಂಎಸ್, ನೋಟಿಫಿಕೇಶನ್, ಆಕ್ಸೆಸಿಬಿಲಿಟಿ ಕೇಳುವ ಎಪಿಕೆಗಳನ್ನು ತಡೆಯುವ ಪ್ರಯೋಗ 2024ರ ಫೆಬ್ರವರಿಯಲ್ಲಿ ಸಿಂಗಪುರದಲ್ಲಿ ಶುರುವಾಗಿ, ಅದೇ ವರ್ಷದ ಕೊನೆಯ ಹೊತ್ತಿಗೆ ಇಲ್ಲಿಗೂ ಬಂತು. 2025ರ ಜೂನ್‌ನಲ್ಲಿ ಗೂಗಲ್ ತನ್ನ ಸುರಕ್ಷತಾ ಎಂಜಿನಿಯರಿಂಗ್ ಕೇಂದ್ರವನ್ನು ನಮ್ಮ ಹೈದರಾಬಾದ್‌ನಲ್ಲೇ ತೆರೆಯಿತು. ಜಗತ್ತಿನಲ್ಲಿ ಅದು ನಾಲ್ಕನೆಯದು.

ಹಾಗಾದರೆ ಹಿತ್ತಲ ಬಾಗಿಲನ್ನೇ ಇಟ್ಟಿಗೆಯಿಂದ ಮುಚ್ಚಿಬಿಟ್ಟರೆ? ನಾನು ಒಪ್ಪುವುದಿಲ್ಲ. ಎಫ್-ಡ್ರಾಯ್ಡ್‌ನಂಥ ಮುಕ್ತ ತಂತ್ರಾಂಶದ ಕಣಜ 2010ರಿಂದ ನಡೆಯುತ್ತಿರುವುದು ಆ ಬಾಗಿಲಿನಿಂದ. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ 2024ರ ಫೆಬ್ರವರಿಯಲ್ಲಿ ಶುರುವಾದ ಇಂಡಸ್ ಆ್ಯಪ್‌ಸ್ಟೋರ್ ಅನ್ನೂ ಜನ ತರಿಸಿಕೊಳ್ಳುವುದು ಪ್ಲೇ ಸ್ಟೋರಿನ ಹೊರಗಿನಿಂದಲೇ. ಸೈಡ್‌ಲೋಡಿಂಗ್‌ಗೆ ಅಡ್ಡಿ ಮಾಡಬಾರದೆಂದು ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ಹೇಳಿತ್ತು, ಜೊತೆಗೆ 1,337.76 ಕೋಟಿ ರೂಪಾಯಿ ದಂಡ. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡ ಉಳಿಸಿ ಆ ಸೂಚನೆಯನ್ನು ತೆಗೆದುಹಾಕಿತು. ಈಗ ಹೊರಗಿನ ಆ್ಯಪ್ ಮಾಡುವವರೂ ತಮ್ಮ ಗುರುತು ನೋಂದಾಯಿಸಬೇಕು ಎಂದು 2025ರ ಆಗಸ್ಟ್‌ನಲ್ಲಿ ಗೂಗಲ್ ಘೋಷಿಸಿದೆ. ಮೊದಲಿಗೆ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್, ಆಮೇಲೆ ಬೇರೆ ದೇಶಗಳು. ಬರುವವರು ಹೆಸರು ಹೇಳಿ ಬರಲಿ ಎಂಬುದು ಸರಿಯೇ. ಹೆಸರು ಬರೆದುಕೊಳ್ಳುವ ಪುಸ್ತಕ ಒಂದೇ ಕಂಪನಿಯ ಬಳಿ ಇರಬೇಕೇ ಎಂಬುದು ಬೇರೆ ಪ್ರಶ್ನೆ.

ಇನ್ನು ನಮ್ಮ ಕೈಯಲ್ಲಿರುವುದು. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂದು ಹುಡುಕಿ. ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್, ಜಿಮೇಲ್ ಎಲ್ಲದರ ಮುಂದೆಯೂ 'ನಾಟ್ ಅಲೌಡ್' ಇರಬೇಕು. ಆಮೇಲೆ 'ಪರ್ಮಿಷನ್ ಮ್ಯಾನೇಜರ್' ತೆಗೆದು ಎಸ್‌ಎಂಎಸ್ ಮತ್ತು ಕಾಂಟ್ಯಾಕ್ಟ್ಸ್ ಎರಡನ್ನು ನೋಡಿ. ಯಾವ ಆ್ಯಪ್ ಎಂದು ಗುರುತೇ ಸಿಗದಿದ್ದರೆ ಅನುಮತಿ ತೆಗೆದು, ಆ್ಯಪನ್ನೂ ತೆಗೆಯಿರಿ. ಆಕ್ಸೆಸಿಬಿಲಿಟಿಯಲ್ಲಿ ನೀವು ಬೇಕೆಂದು ಹಾಕಿಕೊಂಡದ್ದಲ್ಲದೆ ಬೇರೇನೂ ಆನ್ ಇರಬಾರದು. ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟ್ ಆನ್ ಇದೆಯೇ ನೋಡಿ. ಸ್ಯಾಮ್‌ಸಂಗ್ ಫೋನಾದರೆ 'ಆಟೋ ಬ್ಲಾಕರ್', ಆಂಡ್ರಾಯ್ಡ್ 16 ಆದರೆ 'ಅಡ್ವಾನ್ಸ್ಡ್ ಪ್ರೊಟೆಕ್ಷನ್' ಹೊರಗಿನ ಎಪಿಕೆಗಳನ್ನು ಪೂರ್ತಿ ತಡೆಯುತ್ತದೆ. ಊರಿನಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮ, ಅತ್ತೆ ಮಾವಂದಿರ ಫೋನಿಗೆ ನಾನು ಅದನ್ನೇ ಹಾಕಿಸಲು ಹೇಳುತ್ತೇನೆ, ಮುಂದಿನ ಸಲ ಹೋದಾಗ ಕೂತು ಮಾಡಿಕೊಡಿ.

ಹಣ ಹೋದದ್ದು ಗೊತ್ತಾದ ಕೂಡಲೇ ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಬೇರೆಯವರ ಫೋನಿನಿಂದ 1930ಕ್ಕೆ ಕರೆ ಮಾಡಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲೇ ತಡೆಹಿಡಿಯಲೆಂದು 2021ರಲ್ಲಿ ಶುರುವಾದ ಸಹಾಯವಾಣಿ ಇದು. ಆಗ ಅದರ ಸಂಖ್ಯೆ 155260 ಇತ್ತು. ಗಾಬರಿಯಲ್ಲಿ ಆರು ಅಂಕಿ ನೆನಪಿಗೆ ಬರುವುದು ಕಷ್ಟ, ನಾಲ್ಕು ಪರವಾಗಿಲ್ಲ. ಅಮ್ಮಂದಿರ ಫೋನಿನಲ್ಲಿ ಈಗಲೇ ಸೇವ್ ಮಾಡಿಡಿ, ಕನ್ನಡದಲ್ಲಿ.